ಮೂರನೆಯ ಸಾಲಿನ ಅಜ್ಜಿ

“ಹೌದಮ್ಮ, ಸಣ್ಣದಾಯಿತು. ನಾನೂ ನೋಡಿದೆ.”

ಭಾನುವಾರ ನಾಟಕದ ನಡುವೆ ಮೂರನೆಯ ಸಾಲಿನಿಂದ ಬಂದ ಈ ಮಾತು ವಾರವಿಡೀ ನನ್ನ ಕಿವಿ ಬಿಟ್ಟಿಲ್ಲ. ನಮ್ಮದು ಹವ್ಯಾಸಿ ತಂಡ. ಈ ಸಲ ಆಡಿದ್ದು 1938ರಲ್ಲಿ ರಂಗಕ್ಕೆ ಬಂದ ಪ್ಯಾಟ್ರಿಕ್ ಹ್ಯಾಮಿಲ್ಟನ್ ಅವರ ‘ಗ್ಯಾಸ್ ಲೈಟ್’. 1880ರ ಲಂಡನ್ನಿನ ಮನೆ, ಕೊಳವೆಯಲ್ಲಿ ಬರುವ ಅನಿಲದಿಂದ ಉರಿಯುವ ದೀಪಗಳು. ಗಂಡ ತಾನೇ ಚಿತ್ರಪಟ ಬಚ್ಚಿಟ್ಟು, ಅದು ಹೆಂಡತಿಯದೇ ಕೆಲಸವೆಂದು ಗದರಿಸಿ, ನಿನಗೆ ಹುಚ್ಚು ಹಿಡಿಯುತ್ತಿದೆ ಎಂದು ನಂಬಿಸುತ್ತಾನೆ. ಹೊರಗೆ ಹೋದವನು ಕದ್ದು ಮೇಲಿನ ಅಂತಸ್ತಿಗೆ ಬಂದು ದೀಪ ಹಚ್ಚಿದಾಗಲೆಲ್ಲ ಅನಿಲ ಹಂಚಿಹೋಗಿ ಕೆಳಗಿನ ದೀಪ ಮಂಕಾಗುತ್ತದೆ.

ರಂಗದ ಬೆಳಕು ಏರಿಳಿಸುವ ಡಿಮ್ಮರ್ ನನ್ನ ಕೈಯಲ್ಲಿತ್ತು. ವೋಲ್ಟೇಜ್ ಏರಿಳಿತದಲ್ಲೇ ಬೆಳೆದ ನಮ್ಮ ಜನ ಮಂಕಾಗುವ ದೀಪಕ್ಕೆ ಹೆದರುತ್ತಾರೆಯೇ ಎಂಬ ಚಿಂತೆ ನಿರ್ದೇಶಕರದು. ಹಾಗಾಗಿ ಆ ಕ್ಷಣವನ್ನು ಬೇಕೆಂದೇ ಎಳೆದಿದ್ದರು. ನಾನು ನಿಧಾನಕ್ಕೆ ಇಳಿಸಿದೆ. ನಾಯಕಿ ತಲೆಯೆತ್ತಿ, “ನನಗೊಬ್ಬಳಿಗೇ ಹೀಗೆ ಕಾಣುತ್ತಿದೆಯೇ?” ಎಂದಳು. ಆಗಲೇ ಆ ಅಜ್ಜಿಯ ಉತ್ತರ ಬಂದದ್ದು, ಪಕ್ಕದ ಮನೆಯ ಸೊಸೆಗೆ ಹೇಳಿದ ಹಾಗೆ. ಹಿಂದಿನ ಸಾಲುಗಳು ನಕ್ಕವು. ನಮ್ಮ ಹುಡುಗಿ ನಗಲಿಲ್ಲ. ದನಿ ಬಂದ ಕಡೆಗೆ ತಿರುಗಿದಳು. ತಾಲೀಮಿನಲ್ಲಿ ಎಷ್ಟು ಹೇಳಿಕೊಟ್ಟರೂ ಬಾರದಿದ್ದ ಮುಖ ಅಂದು ಬಂದಿತ್ತು.

ಪರದೆ ಬಿದ್ದ ಮೇಲೆ ನಿರ್ದೇಶಕರು ಕಿಡಿಕಿಡಿಯಾದರು: “ನಾಟಕ ನೋಡುವ ಶಿಸ್ತೇ ಇಲ್ಲ.” ಗಂಡನ ಪಾತ್ರಧಾರಿ ಅವರಿಗಿಂತ ಜೋರಾಗಿ ತಲೆಯಾಡಿಸಿದರು. ಚಪ್ಪಾಳೆ ಬಿದ್ದಾಗ ಮಾತ್ರ ಪ್ರೇಕ್ಷಕರೇ ದೇವರು ಎನ್ನುವ ಆಸಾಮಿ.

ನಾಟಕದಲ್ಲಿ ಅವಳ ಮಾತನ್ನು ನಂಬಲು ನಿವೃತ್ತ ಪತ್ತೇದಾರನೊಬ್ಬ ಬರಬೇಕು. ಅಜ್ಜಿಗೆ ಅಷ್ಟು ಹೊತ್ತು ಕಾಯುವ ತಾಳ್ಮೆ ಇರಲಿಲ್ಲ. ನಮ್ಮ ಬಂಧುಗಳಲ್ಲೇ ಒಬ್ಬ ಅತ್ತೆ ಇದ್ದರು. “ನಾನು ಹಾಗೆ ಹೇಳಲೇ ಇಲ್ಲ, ಎಲ್ಲ ನಿನ್ನ ಭ್ರಮೆ” ಎಂದು ಮಾವ ಊಟದ ಪಂಕ್ತಿಯಲ್ಲೇ ಹೇಳುತ್ತಿದ್ದರು. ಅವರು ಹಾಗೆ ಹೇಳಿದ್ದನ್ನು ಹಿಂದಿನ ದಿನ ಎಲ್ಲರೂ ಕೇಳಿರುತ್ತಿದ್ದರು. ಹಿರಿಯರು ಸಾರನ್ನ ಕಲಸುತ್ತ ಕುಳಿತಿರುತ್ತಿದ್ದರು. ಯಾರಾದರೊಬ್ಬರು “ಹೇಳಿದೆಯಲ್ಲಪ್ಪ” ಎಂದಿದ್ದರೆ ಸಾಕಿತ್ತು. ಅತ್ತೆ ಕೊನೆಕೊನೆಗೆ ಹಾಲಿನ ಲೆಕ್ಕವನ್ನೂ ಚೀಟಿಯಲ್ಲಿ ಬರೆದಿಟ್ಟು, ಆ ಚೀಟಿಯನ್ನೂ ನಂಬದೆ ಮತ್ತೆ ಎಣಿಸುತ್ತಿದ್ದರು.

ಮುಂದಿನ ಪ್ರದರ್ಶನಕ್ಕೆ ನಿರ್ದೇಶಕರು ಪ್ರಕಟಣೆ ಬರೆದಿದ್ದಾರೆ: ಮೊಬೈಲ್ ಆಫ್ ಮಾಡಿ, ಪಾತ್ರಗಳೊಂದಿಗೆ ಮಾತನಾಡಬೇಡಿ. ಓದುವ ಕೆಲಸ ನನ್ನದು. ಮೊದಲನೆಯದನ್ನು ಓದುತ್ತೇನೆ, ಎರಡನೆಯದನ್ನು ಬೇರೆ ಯಾರಿಂದಲಾದರೂ ಓದಿಸಿ ಎಂದಿದ್ದೇನೆ. ನಾಯಕಿಯಂತೂ ಆ ಅಜ್ಜಿಗೆ ಪಾಸ್ ತಲುಪಿಸಲು ಮನೆ ಹುಡುಕುತ್ತಿದ್ದಾಳೆ.