ಬಟ್ಟಲಿನಲ್ಲಿ ಕಪ್ಪು ನೀರು

ಇಂಗ್ಲೆಂಡಿನ ಲೀಡ್ಸ್‌ನ ನಮ್ಮ ಹಳೇ ಮನೆಯಲ್ಲಿ, ಬಿಸಿನೀರು ಹರಿದು ಕೋಣೆ ಬೆಚ್ಚಗಿಡುವ ರೇಡಿಯೇಟರ್ ಕೆಳಗೆ ಮೂರು ವಾರದಿಂದ ಒಂದು ಸ್ಟೀಲ್ ಬಟ್ಟಲು ಇತ್ತು. ಅಮ್ಮ ಊರಿಂದ ಕೊಟ್ಟು ಕಳಿಸಿದ್ದು. ಬೆಳಗಾದರೆ ಅದರಲ್ಲಿ ಅರ್ಧದಷ್ಟು ಕಪ್ಪು ನೀರು. ಪೈಪಿನೊಳಗಿನ ತುಕ್ಕಿನ ಬಣ್ಣ ಅದು.

ನೀರು ಬರುತ್ತಿದ್ದದ್ದು ವಾಲ್ವಿನ ಕಡ್ಡಿಯ ಸುತ್ತ. ನಟ್ಟನ್ನು ಕಾಲು ಸುತ್ತು ಬಿಗಿ ಮಾಡಿದೆ. ಎರಡು ದಿನ ಸುಮ್ಮನಿತ್ತು, ಮತ್ತೆ ಶುರು. ಅಂಗಡಿಯವನು ಸೀಲ್ ಸಿಗಲ್ಲ, ವಾಲ್ವೇ ಬದಲಾಯಿಸಿ ಅಂದ. ಕುಕ್ಕರ್ ಗ್ಯಾಸ್ಕೆಟ್ ಹೋಯಿತು ಅಂತ ಯಾರಾದರೂ ಕುಕ್ಕರ್ ಎಸೆಯುತ್ತಾರಾ?

ಶನಿವಾರ ಬಾಯ್ಲರ್ ಆರಿಸಿ, ತಣ್ಣಗಾದ ಮೇಲೆ ನೀರು ಇಳಿಸಿ ಬಿಚ್ಚಿದೆ. ಒಳಗೆ ಎರಡು ಪುಟ್ಟ ಓ-ರಿಂಗ್, ಅಂದರೆ ನೀರು ಸೋರದಂತೆ ತಡೆಯುವ ರಬ್ಬರ್ ಉಂಗುರಗಳು. ಒಂದು ಹಳೇ ಬಳೆಯ ಹಾಗೆ ಗಟ್ಟಿಯಾಗಿ, ಉಗುರು ತಾಗಿದ ಕೂಡಲೇ ಮುರಿಯಿತು. ಹಳೇ ರಿಂಗ್ ಚಪ್ಪಟೆಯಾಗಿರುತ್ತದೆ, ಅದನ್ನು ಅಳೆದರೆ ಮೋಸ ಹೋಗುತ್ತೀರಿ. ಅದು ಕೂರುವ ತೋಡನ್ನೇ ವರ್ನಿಯರ್‌ನಲ್ಲಿ ಅಳೆದೆ. ಬಿಎಸ್ 010 ಅನ್ನುವ ಸೈಜ್‌ಗೆ ಹೊಂದಿತು: ಒಳ ಅಗಲ 6.07 ಮಿ.ಮೀ., ದಪ್ಪ 1.78.

ಬಿಸಿನೀರಿಗೆ ಇಪಿಡಿಎಂ ಅನ್ನುವ ಕೃತಕ ರಬ್ಬರ್ ಒಳ್ಳೆಯದು. ಆದರೆ ಅದಕ್ಕೆ ವ್ಯಾಸಲೀನ್, ಎಣ್ಣೆ ಏನೂ ತಾಗಿಸಬಾರದು, ಉಬ್ಬಿಬಿಡುತ್ತದೆ. ಸಿಲಿಕೋನ್ ಗ್ರೀಸ್ ಮಾತ್ರ ಹಚ್ಚಿದೆ. ಬೇಕಾಗಿದ್ದು ಎರಡು, ಪ್ಯಾಕೆಟ್‌ನಲ್ಲಿ ಬಂದದ್ದು ಹತ್ತು!

ಹನ್ನೊಂದು ದಿನವಾಯಿತು, ನೆಲ ಒಣಗಿದೆ. ಬಟ್ಟಲನ್ನು ಮೂರು ಸಲ ತಿಕ್ಕಿ ಕೊಟ್ಟೆ. ನನ್ನ ಹೆಂಡತಿ ಮಾತ್ರ ಅದನ್ನು ಇನ್ನೂ ಅಡುಗೆಮನೆಗೆ ಸೇರಿಸಿಲ್ಲ.