ವರ್ಮ್‌ಹೋಲ್ ಕೈಪಿಡಿ: ಮೂರು ಶನಿವಾರಗಳ ಕೆಲಸ

ನಾವು ಏಳು ಜನ ಭಾನುವಾರ ಬಂದರೆ ಬೆಂಗಳೂರಿನ ಸುತ್ತಮುತ್ತ ಶಾಸನ, ವೀರಗಲ್ಲುಗಳ ಫೋಟೋ ತೆಗೆಯಲು ಹೋಗುತ್ತೇವೆ. ಒಂದೊಂದು ಕಲ್ಲಿಗೂ ಇನ್ನೂರು, ಮುನ್ನೂರು ಫೋಟೋ. ಬೇಗೂರಿನ ಫೋಲ್ಡರ್ ಒಂದೇ 9 ಜಿಬಿ ಆಗಿದೆ. ಸುಮಾರು 890ರ ಆ ಕಲ್ಲಿನಲ್ಲಿ 'ಬೆಂಗುಳೂರ ಕಾಳೆಗ' ಅಂತ ಇದೆ. ಒಂದು ಅಕ್ಷರವೂ ಮಸುಕಾಗಬಾರದು, ಹಾಗಾಗಿ ಫೋಟೋ ಕುಗ್ಗಿಸಿ ಕಳಿಸುವ ಮಾತೇ ಇಲ್ಲ.

ಒಬ್ಬರ ಮನೆಯಿಂದ ಇನ್ನೊಬ್ಬರ ಮನೆಗೆ ಕಳಿಸಲು ಮ್ಯಾಜಿಕ್ ವರ್ಮ್‌ಹೋಲ್ ಬಳಸುತ್ತೇವೆ. ಬ್ರಯಾನ್ ವಾರ್ನರ್ ಅವರು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದ ಮುಕ್ತ ತಂತ್ರಾಂಶ ಇದು. ಅಕೌಂಟ್ ಬೇಡ, ಪಾಸ್‌ವರ್ಡ್ ಬೇಡ. ಕಳಿಸುವವರಿಗೆ ಒಂದು ಅಂಕಿ, ಎರಡು ಪದಗಳ ಕೋಡ್ ಸಿಗುತ್ತದೆ. ಅದನ್ನು ಫೋನಿನಲ್ಲಿ ಹೇಳಿದರೆ ಆಯಿತು.

ಇದನ್ನು ಇನ್‌ಸ್ಟಾಲ್ ಮಾಡುವುದು ಹೇಗೆ ಅಂತ 2021ರಲ್ಲಿ ಕನ್ನಡದಲ್ಲಿ ಎರಡು ಪುಟದ ಕೈಪಿಡಿ ಬರೆದಿದ್ದೆ. ಕಳೆದ ತಿಂಗಳು ನಮ್ಮ ಗುಂಪಿಗೆ ರಿಟೈರ್ ಆದ ಹೈಸ್ಕೂಲ್ ಮೇಷ್ಟ್ರು ಒಬ್ಬರು ಸೇರಿದರು. ಹಳಗನ್ನಡ ಓದುವುದರಲ್ಲಿ ನಮಗೆಲ್ಲ ಅವರೇ ಗುರು. ಒಂದು ರಾತ್ರಿ ಫೋನ್ ಮಾಡಿದರು. "ನೋಡಮ್ಮ, ನೀನು ಬರೆದ ಮೂರನೇ ಸಾಲಿಗೇ ನಿಂತುಹೋಯ್ತು. ನಾನೇನಾದ್ರೂ ತಪ್ಪು ಮಾಡಿದೆನಾ?"

ತಪ್ಪು ಅವರದ್ದಲ್ಲ. ಆ ಪ್ರಶ್ನೆ ನನ್ನನ್ನು ತುಂಬಾ ಕಾಡಿತು. ಹೇಳಿದ್ದನ್ನು ಹಾಗೇ ಮಾಡಿದ ಮನುಷ್ಯ ತನ್ನನ್ನೇ ಅನುಮಾನಿಸುವಂತೆ ಆಗಬಾರದು ಅಲ್ವಾ?

ಮೊದಲ ಶನಿವಾರ

ನನ್ನ ಕಂಪ್ಯೂಟರಿನಲ್ಲಿ ಪರೀಕ್ಷೆ ಮಾಡಿ ಉಪಯೋಗವಿಲ್ಲ. ಅದರಲ್ಲಿ ಎಷ್ಟೋ ವರ್ಷಗಳಿಂದ ಎಲ್ಲ ತುಂಬಿಕೊಂಡಿದೆ. ಎಸ್‌ಪಿ ರೋಡಿಗೆ ಹೋಗಿ ಒಂದು ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ತಂದೆ. ಪೂರ್ತಿ ಅಳಿಸಿ, ವಿಂಡೋಸ್ ಬದಲು ಬಳಸುವ ಲಿನಕ್ಸ್‌ನ ಒಂದು ಬಗೆಯಾದ ಉಬುಂಟು 24.04 ಹಾಕಿದೆ. ನನ್ನ ಕೈಪಿಡಿಯ ಸಾಲುಗಳನ್ನು ಒಂದೊಂದಾಗಿ ಟೈಪ್ ಮಾಡಿದೆ.

ಮೂರನೇ ಸಾಲು, ಪೈಥಾನ್ ತಂತ್ರಾಂಶಗಳನ್ನು ಇನ್‌ಸ್ಟಾಲ್ ಮಾಡುವ 'ಪಿಪ್' ಬಳಸಿ ವರ್ಮ್‌ಹೋಲ್ ಹಾಕುವ ಕಮಾಂಡ್. ಎಂಟರ್ ಒತ್ತಿದರೆ 'ಎಕ್ಸ್‌ಟರ್ನಲಿ ಮ್ಯಾನೇಜ್ಡ್ ಎನ್ವಿರಾನ್‌ಮೆಂಟ್' ಎಂಬ ಎರರ್. ಮೇಷ್ಟ್ರು ನಿಂತದ್ದೂ ಇಲ್ಲೇ. ಕಾರಣ ಸರಳ. ಉಬುಂಟುವಿನ ಎಷ್ಟೋ ಕೆಲಸಗಳು ಅದರದ್ದೇ ಪೈಥಾನ್ ಮೇಲೆ ನಡೆಯುತ್ತವೆ. ಪಿಪ್ ಅದರೊಳಗೆ ಕೈಹಾಕಿದರೆ ವ್ಯವಸ್ಥೆಯೇ ಕೆಡಬಹುದು. ಹಾಗಾಗಿ ಉಬುಂಟು 23.04, ಇನ್ನೊಂದು ಬಗೆಯ ಲಿನಕ್ಸ್ ಆದ ಡೆಬಿಯನ್ 12ರಿಂದ ಈಚೆಗೆ ಆ ಬಾಗಿಲು ಮುಚ್ಚಿದ್ದಾರೆ. 2021ರಲ್ಲಿ ಅದು ತೆರೆದೇ ಇತ್ತು.

ಅದೇ ಎರರ್ ಸಂದೇಶದ ಕೊನೆಯಲ್ಲಿ 'ಬ್ರೇಕ್ ಸಿಸ್ಟಮ್ ಪ್ಯಾಕೇಜಸ್' ಎಂಬ ಆಯ್ಕೆಯೂ ಕಾಣುತ್ತದೆ. ಅದನ್ನು ಸೇರಿಸಿದರೆ ಎರರ್ ಬರುವುದಿಲ್ಲ, ನಿಜ. ಆದರೆ ಹೊಸಬರಿಗೆ ಅದನ್ನು ಹೇಳಿಕೊಡುವುದು ನನಗೆ ಒಪ್ಪಿಗೆಯಿಲ್ಲ. 'ಇದನ್ನು ಬಳಸಬೇಡಿ' ಅಂತ ಕೈಪಿಡಿಯಲ್ಲಿ ದಪ್ಪಕ್ಷರದಲ್ಲಿ ಬರೆದೆ.

ದಾರಿ ಎರಡಿತ್ತು. ಉಬುಂಟುವಿನಲ್ಲೇ ಇರುವ ಇನ್‌ಸ್ಟಾಲ್ ಸಾಧನ 'ಆಪ್ಟ್' ಬಳಸಿದರೆ ಒಂದೇ ಸಾಲಿನಲ್ಲಿ ಮುಗಿಯುತ್ತದೆ, ಆದರೆ ಒಬ್ಬೊಬ್ಬರ ಲಿನಕ್ಸ್‌ನಲ್ಲಿ ಒಂದೊಂದು ಆವೃತ್ತಿ ಬರುತ್ತದೆ. 'ಪಿಪ್‌ಎಕ್ಸ್' ಪ್ರತಿ ತಂತ್ರಾಂಶಕ್ಕೂ ಬೇರೆ ಕೋಣೆ ಮಾಡಿ, ಹೊಸ ಆವೃತ್ತಿ ಹಾಕುತ್ತದೆ. ಪಿಪ್‌ಎಕ್ಸ್ ಆರಿಸಿದೆ. ಎರಡನ್ನೂ ಅಕ್ಕಪಕ್ಕ ಬರೆಯಲಿಲ್ಲ. ಮೊದಲ ಸಲ ಮಾಡುವವರಿಗೆ ಒಂದೇ ದಾರಿ ತೋರಿಸಬೇಕು.

ಎರಡನೇ ಶನಿವಾರ

ಲ್ಯಾಪ್‌ಟಾಪನ್ನು ಮತ್ತೆ ಅಳಿಸಿ, ಹನುಮಂತನಗರದಲ್ಲಿರುವ ಮೇಷ್ಟ್ರ ಮನೆಗೆ ತೆಗೆದುಕೊಂಡು ಹೋದೆ. ಹೊಸ ಕೈಪಿಡಿಯ ಪ್ರಿಂಟ್ ಕೊಟ್ಟು, "ಸರ್, ನಾನು ಬಾಯಿ ಬಿಡಲ್ಲ. ನೀವೇ ಓದಿ ಮಾಡಿ" ಅಂದೆ. ಸುಮ್ನೆ ಕೂರುವುದು ತುಂಬಾ ಕಷ್ಟವಾಯಿತು.

ಇನ್‌ಸ್ಟಾಲ್ ಸಲೀಸಾಗಿ ಆಯಿತು. ಆಮೇಲೆ 'ಮ್ಯಾಜಿಕ್-ವರ್ಮ್‌ಹೋಲ್' ಅಂತ ಟೈಪ್ ಮಾಡಿದರು. ಅಂಥ ಕಮಾಂಡ್ ಇಲ್ಲ ಎಂದು ಬಂತು. ಪ್ಯಾಕೇಜಿನ ಹೆಸರು ಅದು, ಆದರೆ ಕಮಾಂಡ್ ಬರೀ 'ವರ್ಮ್‌ಹೋಲ್'. ಇದನ್ನು ನಾನು ಎಲ್ಲೂ ಬರೆದಿರಲಿಲ್ಲ. ಕೈಪಿಡಿಯ ಮುಂದಿನ ಪುಟದ ಉದಾಹರಣೆ ನೋಡಿ ಅವರೇ 'ವರ್ಮ್‌ಹೋಲ್' ಅಂತ ಹಾಕಿದರು. ಮತ್ತೆ ಅದೇ ಎರರ್. ಹೊಸ ಕಮಾಂಡ್‌ಗಳು ಇರುವ ಜಾಗ ತಿಳಿಸುವ 'ಪಿಪ್‌ಎಕ್ಸ್ ಎನ್ಶೂರ್‌ಪಾತ್' ಓಡಿಸಿದ ಮೇಲೆ ಟರ್ಮಿನಲ್ (ಕಮಾಂಡ್ ಟೈಪ್ ಮಾಡುವ ಕಿಟಕಿ) ಮುಚ್ಚಿ ಹೊಸದಾಗಿ ತೆರೆಯಬೇಕು. ಇಲ್ಲದಿದ್ದರೆ ಕಮಾಂಡ್ ಎಲ್ಲಿದೆ ಅಂತ ಅದಕ್ಕೆ ಗೊತ್ತಾಗುವುದಿಲ್ಲ. ನನ್ನ ಬೆರಳುಗಳು ಇದನ್ನು ತಾವಾಗಿಯೇ ಮಾಡುತ್ತವೆ, ಅದಕ್ಕೇ ಬರೆಯಲು ಹೊಳೆದಿರಲಿಲ್ಲ.

ಮೇಷ್ಟ್ರು ಇನ್ನೊಂದು ಒಳ್ಳೆಯ ಮಾತು ಹೇಳಿದರು. "ಎರರ್ ಬಂದಾಗ ಪರದೆ ಮೇಲೆ ಏನು ಕಾಣುತ್ತೋ ಅದೇ ಮಾತು ಪುಸ್ತಕದಲ್ಲೂ ಇರಲಿ. ಹುಡುಕೋಕೆ ಸುಲಭ." ಈಗ ಮೂರೂ ಎರರ್ ಪರದೆಯಲ್ಲಿ ಕಾಣುವಂತೆಯೇ ಇವೆ. ಕೆಳಗೆ ಕನ್ನಡದಲ್ಲಿ ಅರ್ಥ, ಪರಿಹಾರ.

ಕೋಡ್ ಹೇಳುವುದಕ್ಕೆ ಅರ್ಧ ಪುಟ ಜಾಸ್ತಿ ಕೊಟ್ಟೆ. ಪದಗಳು ಇಂಗ್ಲಿಷಿನವು. 7-ಕ್ರಾಸ್‌ಓವರ್-ಕ್ಲಾಕ್‌ವರ್ಕ್ ಥರ ಇರುತ್ತವೆ. ಫೋನಿನಲ್ಲಿ ಕೇಳಿ ಸ್ಪೆಲ್ಲಿಂಗ್ ಬರೆಯುವುದು ಎಲ್ಲರಿಗೂ ಸುಲಭವಲ್ಲ. ಆದರೆ ಮೊದಲ ಎರಡು ಮೂರು ಅಕ್ಷರ ಹಾಕಿ ಟ್ಯಾಬ್ ಒತ್ತಿದರೆ ಪದ ತಾನೇ ಪೂರ್ತಿಯಾಗುತ್ತದೆ. ಇಷ್ಟು ಚಿಕ್ಕ ಕೋಡ್ ಭದ್ರವಾ ಅಂತ ಮೇಷ್ಟ್ರು ಕೇಳಿದರು. ಎರಡು ಪದಗಳಿಂದ 65,536 ಜೋಡಿ ಆಗುತ್ತವೆ. ಒಂದು ಕೋಡ್‌ಗೆ ಒಂದೇ ಅವಕಾಶ, ತಪ್ಪಾದರೆ ಆ ಕೋಡ್ ಸತ್ತಂತೆ. ಕದಿಯಲು ಬಂದವರು ಸುಮ್ಮನೆ ಊಹಿಸುತ್ತಾ ಕೂರಲು ಆಗುವುದಿಲ್ಲ.

ಮೂರನೇ ಶನಿವಾರ

ಬೇಗೂರಿನ ಫೋಲ್ಡರ್ ಮೇಷ್ಟ್ರಿಗೆ ಕಳಿಸಲು ಶುರು ಮಾಡಿದೆ. ಮುಕ್ಕಾಲು ಭಾಗ ಹೋಗಿರಬೇಕು, ಕರೆಂಟ್ ಹೋಯಿತು. ವೈಫೈ ನಿಂತಿತು. ವರ್ಮ್‌ಹೋಲ್ ನಿಂತಲ್ಲಿಂದ ಮುಂದುವರಿಸುವುದಿಲ್ಲ, ಮತ್ತೆ ಮೊದಲಿನಿಂದ ಕಳಿಸಬೇಕು. ದೊಡ್ಡ ಫೋಲ್ಡರನ್ನು 1 ಜಿಬಿ ಭಾಗಗಳಾಗಿ ಮಾಡಿ ಕಳಿಸಿ, ಅಷ್ಟೂ ಹೊತ್ತು ಎರಡೂ ಕಡೆಯ ಕಂಪ್ಯೂಟರ್ ಆನ್ ಇರಲಿ ಅಂತ ಸೇರಿಸಿದೆ. ಒಂದೇ ವೈಫೈನಲ್ಲಿದ್ದರೆ ಫೈಲ್ ಸಾಮಾನ್ಯವಾಗಿ ನೇರವಾಗಿ ಹೋಗುತ್ತದೆ, ಬೇಗ ಮುಗಿಯುತ್ತದೆ ಅಂತಲೂ ಬರೆದೆ.

ಟರ್ಮಿನಲ್ ಬೇಡವೇ ಬೇಡ ಎನ್ನುವ ಇಬ್ಬರು ಗೆಳತಿಯರಿಗೆ 'ವಾರ್ಪ್' ಎಂಬ ಆ್ಯಪ್ ಹಾಕಿಕೊಟ್ಟೆ. ಲಿನಕ್ಸ್ ಆ್ಯಪ್‌ಗಳ ತಾಣವಾದ ಫ್ಲ್ಯಾಟ್‌ಹಬ್‌ನಲ್ಲಿ ಸಿಗುತ್ತದೆ. ಇದೇ ಕೋಡ್‌ಗಳು ಅದರಲ್ಲೂ ನಡೆಯುತ್ತವೆ. ಅದಕ್ಕೆ ನಾಲ್ಕು ಸಾಲು ಸಾಕಾಯಿತು.

ಕೈಪಿಡಿ ಈಗ ಐದು ಪುಟ. ಮೊದಲ ಪುಟದ ಮೇಲೆ ಯಾವ ಉಬುಂಟುವಿನಲ್ಲಿ, ಯಾವ ದಿನ ಪರೀಕ್ಷೆ ಮಾಡಿದ್ದು ಅಂತ ಹಾಕಿದ್ದೇನೆ. ವಿಂಡೋಸ್ ಭಾಗ ಬಾಕಿ ಇದೆ. ಖಾಲಿ ವಿಂಡೋಸ್ ಯಂತ್ರದಲ್ಲಿ ನೋಡುವ ತನಕ ಹಳೆಯ ವಿಂಡೋಸ್ ಪುಟವನ್ನು ತೆಗೆದಿಟ್ಟಿದ್ದೇನೆ. ನಿನ್ನೆ ರಾತ್ರಿ ಬೇಗೂರಿನ ಒಂಬತ್ತನೇ ಭಾಗವೂ ಹನುಮಂತನಗರ ತಲುಪಿತು. ಮೇಷ್ಟ್ರು ಆಗಲೇ ಮೊದಲ ಸಾಲು ಓದಲು ಕೂತಿದ್ದಾರೆ.