ಒಂದು ಬ್ಲೇಡ್ ಜಾಸ್ತಿ ಇತ್ತು

17 ಮೇ 2025, ಶನಿವಾರ, ರಾತ್ರಿ 10.40

ಕೈಯಲ್ಲಿ ಇನ್ನೂ ಗ್ರೀಸ್ ವಾಸನೆ ಇದೆ. ಸೀಗೆಪುಡಿ ಹಾಕಿ ಎರಡು ಸಲ ತಿಕ್ಕಿದರೂ ಉಗುರಿನ ಸಂದಿಯ ಕಪ್ಪು ಹೋಗಿಲ್ಲ. ಹೊರಗೆ ಮಳೆ ಹನಿಯುತ್ತಿದೆ. ಅಪ್ಪ ಮಲಗಿದ್ದಾರೆ, ನಿದ್ದೆ ಬಂದಿಲ್ಲ ಅನ್ನೋದು ಕೆಮ್ಮಿನಲ್ಲೇ ಗೊತ್ತಾಗುತ್ತಿದೆ.

ನಮ್ಮ ಮಾರುತಿ ಜಿಪ್ಸಿ ಜೀಪು ಎತ್ತರ ಆಯಿತು. ಎರಡು ಇಂಚು.

ಜನವರಿಯಿಂದ ಮೆಕ್ಯಾನಿಕ್ ಕಾಕನ ತಲೆ ತಿಂದಿದ್ದೆ. ನನ್ನ ಮನಸ್ಸಲ್ಲಿ ಇದ್ದದ್ದು ಎರಡು ಇಂಚಲ್ಲ, ಐದು ಇಂಚು. ಜಿಪ್ಸಿಯಲ್ಲಿ ಕಮಾನ್ ಪಟ್ಟೆ, ಅಂದರೆ ಉಕ್ಕಿನ ಬ್ಲೇಡ್‌ಗಳನ್ನು ಒಂದರ ಮೇಲೊಂದು ಜೋಡಿಸಿದ ಸ್ಪ್ರಿಂಗ್, ಎರಡು ಚಕ್ರ ಸೇರಿಸುವ ಆಕ್ಸಲ್‌ನ ಕೆಳಗೆ ಇರುತ್ತದೆ. ಅದನ್ನು ಬಿಚ್ಚಿ ಆಕ್ಸಲ್‌ನ ಮೇಲೆ ಕೂರಿಸಿದರೆ ಗಾಡಿ ಒಂದೇ ಸಲಕ್ಕೆ ಹೆಚ್ಚುಕಡಿಮೆ ಐದು ಇಂಚು ಏಳುತ್ತದೆ. ಸಕಲೇಶಪುರದ ಕಡೆ ಹಾಗೆ ಮಾಡಿಸಿದ ಎರಡು ಗಾಡಿ ನೋಡಿ ಬಂದಿದ್ದೆ, ಕಣ್ಣಿಗೆ ಕಟ್ಟಿತ್ತು.

ಕಾಕ ಬೇಡ ಅನ್ನಲಿಲ್ಲ. "ಎತ್ತರ ಯಾಕೆ ಬೇಕು, ಅದು ಹೇಳು ಮೊದಲು" ಅಂದರು.

"ಮೇಲಿನ ತೋಟದ ಏರಲ್ಲಿ ಅಡಿ ತಾಗುತ್ತೆ ಕಾಕ. ಮಳೆಗಾಲದಲ್ಲಂತೂ ಚಕ್ರದ ಜಾಡು ಆಳ ಆಗಿ ನಡುವಿನ ದಿಬ್ಬ ಹಾಗೇ ಉಳಿಯುತ್ತೆ."

"ಅಡಿ ಅಂದ್ರೆ ಎಂತದು? ಆಕ್ಸಲ್ ಹೌಸಿಂಗಾ, ಬೇರೆಯಾ?"

ನನಗೆ ಗೊತ್ತಿರಲಿಲ್ಲ. ತಾಗುತ್ತೆ ಅಂತ ಗೊತ್ತು, ಏನು ತಾಗುತ್ತೆ ಅಂತ ಯಾವತ್ತೂ ಬಗ್ಗಿ ನೋಡಿರಲಿಲ್ಲ. ಕಾಕ ಒಂದು ಡಬ್ಬಿ ಸುಣ್ಣ ಕಲಸಿ ಕೊಟ್ಟರು. "ಅಡಿಗೆಲ್ಲ ಬಳಿ. ಒಣಗಿದ ಮೇಲೆ ಆ ಏರು ಒಂದು ಸಲ ಹತ್ತಿಸಿಕೊಂಡು ಬಾ." ಹಾಗೇ ಮಾಡಿದೆ. ವಾಪಸ್ ಬಂದು ಇಬ್ಬರೂ ಗೋಣಿ ಹಾಸಿ ಕೆಳಗೆ ನುಸುಳಿ ನೋಡಿದೆವು. ಎಂಜಿನ್ನಿನ ಶಕ್ತಿಯನ್ನು ಮುಂದಕ್ಕೂ ಹಿಂದಕ್ಕೂ ಹಂಚುವ ಟ್ರಾನ್ಸ್‌ಫರ್ ಕೇಸಿನ ಅಡಿಯಲ್ಲಿ ಸುಣ್ಣ ಪೂರ್ತಿ ಕೆರೆದು ಹೋಗಿತ್ತು. ಸೈಲೆನ್ಸರ್ ಪೈಪಿನಲ್ಲಿ ಒಂದು ಉದ್ದ ಗೀರು. ಹಿಂದಿನ ಹೌಸಿಂಗ್‌ನ, ಅಂದರೆ ಆಕ್ಸಲ್‌ನ ಕವಚದ, ಉಬ್ಬಿನ ಮೇಲೆ ಮಾತ್ರ ಬಳಿದ ಸುಣ್ಣ ಬಳಿದ ಹಾಗೇ ಇತ್ತು.

"ಹೌಸಿಂಗ್ ತಾಗಿದ್ರೆ ನಾನು ನಿಂಗೆ ಕಮಾನ್ ಹಾಕ್ತಾನೇ ಇರಲಿಲ್ಲ ಮಗಳೇ" ಅಂದರು. "ಕಮಾನ್ ಎತ್ತಿದ್ರೆ ಏಳೋದು ಚಾಸಿ ಮತ್ತು ಬಾಡಿ. ಆಕ್ಸಲ್ ಇರೋದು ಟೈರಿನ ಲೆಕ್ಕದಲ್ಲಿ. ನೀನು ಒಂದು ಅಡಿ ಎತ್ತಿದ್ರೂ ಆ ಉಬ್ಬು ಒಂದು ನೂಲು ಮೇಲೆ ಬರಲ್ಲ."

ಇಷ್ಟು ವರ್ಷ ಗಾಡಿ ಓಡಿಸಿ ನನಗೆ ಇದು ಹೊಳೆದಿರಲಿಲ್ಲ. ಜಿಪ್ಸಿಗೆ ಕಂಪನಿ ಬರೆದಿರುವ 210 ಮಿಲಿಮೀಟರ್ ನೆಲದಂತರ ಇದೆಯಲ್ಲ, ಅದು ಆ ಉಬ್ಬಿನ ಕೆಳಗಿನ ಜಾಗ. ಅದು ಇವತ್ತೂ ಅಷ್ಟೇ ಇದೆ. ನಮಗೆ ಬೇಕಾಗಿದ್ದದ್ದು ಹೊಟ್ಟೆಯ ಕೆಳಗೆ ಜಾಗ. ಅದಕ್ಕೆ ಎರಡು ಇಂಚು ಸಾಕು.

ಕಮಾನಿನ ಒಂದು ತುದಿಯನ್ನು ಚಾಸಿಗೆ ಜೋಡಿಸುವ ಕೊಂಡಿ ಇದೆಯಲ್ಲ, ಶ್ಯಾಕಲ್, ಅದನ್ನೇ ಉದ್ದದ್ದು ಹಾಕಿಸೋಣವಾ ಅಂತಲೂ ಕೇಳಿದ್ದೆ. ಅರ್ಧ ದಿನದ ಕೆಲಸ, ದುಡ್ಡೂ ಕಡಿಮೆ. ಅದಕ್ಕೆ ಮಾತ್ರ ಕಾಕನಿಗೆ ನಿಜವಾಗಿ ಸಿಟ್ಟು ಬಂತು. ಎರಡು ಇಂಚು ಏಳಬೇಕಾದರೆ ಶ್ಯಾಕಲ್ ನಾಲ್ಕು ಇಂಚು ಉದ್ದ ಬೇಕು, ಒಂದು ತುದಿ ಮಾತ್ರ ಇಳಿಯುವುದಲ್ವಾ. ಜಿಪ್ಸಿಯ ಮುಂದಿನ ಶ್ಯಾಕಲ್ ಇರೋದು ಮೂತಿಯ ಕಡೆ. ಅದು ಉದ್ದ ಆದರೆ ಆಕ್ಸಲ್ ಮುಂದಕ್ಕೆ ವಾಲುತ್ತದೆ. ಸೈಕಲ್ಲಿನ ಫೋರ್ಕ್ ಸ್ವಲ್ಪ ಓರೆ ಇರೋದರಿಂದ ಹ್ಯಾಂಡಲ್ ತಾನೇ ನೆಟ್ಟಗಾಗುತ್ತದೆ ನೋಡಿ, ಆ ಓರೆ ಇಲ್ಲಿ ಕಮ್ಮಿ ಆಗುತ್ತದೆ. ಆಮೇಲೆ ತಿರುವಲ್ಲಿ ಸ್ಟೇರಿಂಗ್ ಬಿಟ್ಟರೆ ಅದು ವಾಪಸ್ ಬರಲ್ಲ. "ಚಾರ್ಮಾಡಿ ಘಾಟಿ ಇಳಿಯೋವಾಗ ಯಾರನ್ನ ಕರೀತೀಯ?" ಅಂತ ಕೇಳಿದರು. ಮತ್ತೆ ಆ ಮಾತು ಎತ್ತಲಿಲ್ಲ.

ಕೊನೆಗೆ ಹಾಸನದಲ್ಲಿ ಹೊಸ ಕಮಾನ್ ಸೆಟ್ ಮಾಡಿಸಿದೆವು. ಬಾಗು ಸ್ವಲ್ಪ ಜಾಸ್ತಿ ಇರೋದು. ಅದಕ್ಕೆ ಸರಿಯಾಗಿ ಉದ್ದದ ಶಾಕ್ ಅಬ್ಸಾರ್ಬರ್, ಉದ್ದದ ಬ್ರೇಕ್ ಹೋಸ್, ಹೊಸ ಬುಷ್, ಕಮಾನನ್ನು ಆಕ್ಸಲ್‌ಗೆ ಬಿಗಿಯುವ ಹೊಸ ಯು ಬೋಲ್ಟ್. ಹಳೆ ಯು ಬೋಲ್ಟ್ ಒಂದು ಸಲ ಬಿಗಿದು ಎಳೆದುಕೊಂಡಿರುತ್ತದೆ, ಮತ್ತೆ ಹಾಕಬಾರದು.

ಒಂದು ವಿಷಯ ಮುಚ್ಚಿಡೋದಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಓದಿದಾಗಿಂದ ಒಂದು ಅಳುಕು ಇದೆ. ಆರ್‌ಸಿಯಲ್ಲಿರುವ ವಿವರ ಕಂಪನಿ ಕೊಟ್ಟ ವಿವರಕ್ಕಿಂತ ಬೇರೆಯಾಗುವ ಹಾಗೆ ಗಾಡಿ ಬದಲಾಯಿಸಬಾರದು ಅಂತ ಅದು ಹೇಳುತ್ತದೆ. ಐದು ಇಂಚಿನ ಆಸೆ ಬಿಡೋಕೆ ಅದೂ ಒಂದು ಕಾರಣ. ಕೆಲಸ ಶುರು ಮಾಡುವ ಮೊದಲು ನಾಲ್ಕೂ ಚಕ್ರದ ನಡುವಿನಿಂದ ಮಡ್‌ಗಾರ್ಡಿಗೆ ಟೇಪ್ ಹಿಡಿದು ಅಳೆದೆವು. ಡ್ರೈವರ್ ಕೂರುವ ಬಲಗಡೆ ಜಾಸ್ತಿ ಕುಸಿದಿತ್ತು. ಕಾಕನ ಲೆಕ್ಕದಲ್ಲಿ ಈ ಎರಡು ಇಂಚಲ್ಲಿ ಒಂದು ಇಂಚು ಇಪ್ಪತ್ತೇಳು ವರ್ಷದಲ್ಲಿ ಗಾಡಿ ಕಳೆದುಕೊಂಡದ್ದು, ಅದು ವಾಪಸ್ ಬಂತು ಅಷ್ಟೇ. ಇನ್ನೊಂದು ಇಂಚು ಹೊಸದು. ಹೊಸದು ಹೊಸದೇ. 1998ರ ಗಾಡಿ, ಹದಿನೈದು ವರ್ಷ ಆದ ಮೇಲೆ ಐದೈದು ವರ್ಷಕ್ಕೆ ಆರ್‌ಸಿ ರಿನ್ಯೂವಲ್. ಮುಂದಿನದು 2028ಕ್ಕೆ. ಅವತ್ತು ಇದನ್ನು ತೆಗಿ ಅಂದರೆ ತೆಗೆಯುತ್ತೇನೆ.

ಇವತ್ತಿನದು ಹೇಳಬೇಕಿತ್ತು.

ಬೆಳಿಗ್ಗೆ ಏಳಕ್ಕೆ ಶೆಡ್ಡಿಗೆ ಹೋದೆ. ಮುಂದಿನ ಎರಡೂ ಸಲೀಸಾಗಿ ಬಿಚ್ಚಿದವು. ಹಿಂದಿನ ಎಡಗಡೆ ಕಮಾನಿನ ತುದಿಯ ಕಣ್ಣಿನ ಬೋಲ್ಟ್ ಬುಷ್ಷಿನೊಳಗೆ ತುಕ್ಕು ಹಿಡಿದು ಒಂದಾಗಿ ಹೋಗಿತ್ತು. ನಮ್ಮ ಮಳೆ ಎಂಥದ್ದು ಅಂತ ನಿಮಗೆ ಗೊತ್ತಲ್ಲ. ಡೀಸೆಲ್ ಬಿಟ್ಟು, ಸುತ್ತಿಗೆಯಲ್ಲಿ ಮೆಲ್ಲಗೆ ಬಡಿದು, ಮತ್ತೆ ಡೀಸೆಲ್ ಬಿಟ್ಟು ಒಂದೂವರೆ ಗಂಟೆ ಕಾದೆವು. ಆಮೇಲೆ ಅದು ಕಿರುಗುಟ್ಟಿಕೊಂಡು ಬಂತು.

ಪಟ್ಟೆಯ ಕಟ್ಟು ಕೆಳಗಿಳಿಸಿ, ವೈಸಿನಲ್ಲಿ ಕಚ್ಚಿಸಿ, ಸೆಂಟರ್ ಬೋಲ್ಟಿನ ನಟ್ ಬಿಚ್ಚಿದರು. ಬ್ಲೇಡ್‌ಗಳು ಒಂದೊಂದಾಗಿ ಬಿಡಿಸಿಕೊಂಡವು. ಹೊಸ ಸೆಟ್ ಪಕ್ಕದಲ್ಲೇ ಇತ್ತು. ಸುಮ್ನೆ ಎಣಿಸಿದೆ. ಹಳೆಯದರಲ್ಲಿ ಒಂದು ಜಾಸ್ತಿ.

ಮತ್ತೆ ಎಣಿಸಿದೆ. ಜಾಸ್ತಿಯೇ.

ಆ ಬ್ಲೇಡ್ ಉಳಿದವುಗಳ ಜಾತಿಯದಲ್ಲ. ದಪ್ಪ ಜಾಸ್ತಿ. ಬೇರೆಯವುಗಳ ತುದಿ ನಯವಾಗಿ ತೆಳ್ಳಗಾಗಿದ್ದರೆ ಇದರ ತುದಿಗಳನ್ನು ಗ್ಯಾಸಿನಲ್ಲಿ ಕತ್ತರಿಸಿದ್ದರು, ಅಂಚಿನಲ್ಲಿ ಕರಗಿ ಗಟ್ಟಿಯಾದ ಕಬ್ಬಿಣದ ಹನಿಗಳು ಹಾಗೇ ಇದ್ದವು. ನಡುವಿನ ತೂತು ದುಂಡಗಿರಲಿಲ್ಲ, ಎರಡು ಸಲ ಕೊರೆದ ಹಾಗಿತ್ತು. ಮೇಲಿನ ಬ್ಲೇಡ್ ಜಾರಿ ಜಾರಿ ಉಜ್ಜಿದ ಜಾಗ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಒಂದು ಮೂಲೆಯಲ್ಲಿ ಬೇರೆ ಯಾವುದೋ ಗಾಡಿಯ ಹಸಿರು ಪೇಂಟ್. ಬಲಗಡೆ ಬಿಚ್ಚಿದರೆ ಅಲ್ಲೂ ಅದರದೇ ಜೋಡಿ.

"ಇದು ಯಾರು ಹಾಕಿದ್ದು ಕಾಕ?"

ಕಾಕ ಬಟ್ಟೆಯಲ್ಲಿ ಕೈ ಒರೆಸಿಕೊಂಡರು. ಒರೆಸಿಕೊಳ್ಳುತ್ತಲೇ ಇದ್ದರು. "ಅಪ್ಪನ್ನ ಕೇಳು" ಅಂದರು. ಆಮೇಲೆ ಹುಡುಗನಿಗೆ ಟೀ ತರೋಕೆ ಹೇಳಿದರು.

ಈ ಗಾಡಿಯ ಹಿಂಭಾಗ ಯಾಕೆ ಅಷ್ಟು ಕುಕ್ಕುತ್ತಿತ್ತು ಅಂತ ಅಲ್ಲೇ ಗೊತ್ತಾಯಿತು. ಖಾಲಿ ಗಾಡಿಗೆ ಅಷ್ಟು ಬಿಗಿ ಕಮಾನ್ ಇದ್ದರೆ ಅದು ಬಾಗೋದೇ ಇಲ್ಲ, ಹಾರುತ್ತದೆ. ಜಿಪ್ಸಿ ಅಂದರೇ ಹೀಗೆ ಅಂತ ನಾವು ಅಂದುಕೊಂಡಿದ್ದೆವು. ಅಮ್ಮ ಅಂತೂ ಮೂಡಿಗೆರೆಗೆ ಹೋಗಿ ಬಂದಾಗೆಲ್ಲ "ಈ ಗಾಡಿ ನನ್ನ ಸೊಂಟ ಮುರಿಯೋಕೇ ಹುಟ್ಟಿದೆ" ಅನ್ನುತ್ತಿದ್ದರು. ಸೀಟಿನ ಮೇಲೆ ಇಡೋಕೆ ಅಂತಲೇ ಒಂದು ಬೂರುಗದ ಹತ್ತಿಯ ದಿಂಬು ಹೊಲಿದುಕೊಂಡಿದ್ದರು, ನೀಲಿ ಗೌಸಿನದು.

ಹೊಸದನ್ನು ಕೂರಿಸುವ ಕೆಲಸ ಬೇಗ ಆಯಿತು. ಒಂದು ಮಾತ್ರ ಬರೆದಿಡುತ್ತೇನೆ, ಯಾರಿಗಾದರೂ ಬೇಕಾಗಬಹುದು. ಕಣ್ಣಿನ ಬೋಲ್ಟ್, ಶ್ಯಾಕಲ್ ಬೋಲ್ಟ್‌ಗಳನ್ನು ಗಾಡಿ ಜಾಕಿನ ಮೇಲೆ ಇರುವಾಗ ಪೂರ್ತಿ ಬಿಗಿಯಬಾರದು. ಚಕ್ರ ಹಾಕಿ, ನೆಲಕ್ಕೆ ಇಳಿಸಿ, ಗಾಡಿಯ ಭಾರ ಕಮಾನಿನ ಮೇಲೆ ಕೂತ ಮೇಲೆ ಬಿಗಿಯಬೇಕು. ಇಲ್ಲದಿದ್ದರೆ ರಬ್ಬರ್ ಬುಷ್ ಮುರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಇಳಿಸಿದ ಮೇಲೆ ಸ್ಟೇರಿಂಗ್ ಸ್ವಲ್ಪ ಓರೆಯಾಗಿ ನಿಂತಿತು. ಸ್ಟೇರಿಂಗನ್ನು ಚಕ್ರಕ್ಕೆ ಜೋಡಿಸುವ ಡ್ರ್ಯಾಗ್ ಲಿಂಕ್ ತಿರುಗಿಸಿ ಕಾಕ ಸರಿ ಮಾಡಿದರು. ಆಕ್ಸಲ್‌ಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಓರೆ ಜಾಸ್ತಿ ಆಗಿ ಅದರ ಕೀಲು, ಯುಜೆ ಕ್ರಾಸ್, ಗುಂಯ್ ಅನ್ನಬಹುದು ಅಂತ ನನಗೆ ಭಯ ಇತ್ತು. ಹ್ಯಾಂಡ್‌ಪೋಸ್ಟ್ ಅನ್ನೋ ಜಾಗದ ತನಕ ಹೋಗಿ ಬಂದೆವು. ಒಂದು ಸದ್ದಿಲ್ಲ.

ಆ ಎರಡು ಬ್ಲೇಡ್ ಹಿಂದಿನ ಸೀಟಿನ ಕೆಳಗೆ ಹಾಕಿಕೊಂಡು ಬಂದೆ.

ಸಂಜೆ ಐದೂವರೆ. ಅಪ್ಪ ಜಗಲಿಯಲ್ಲಿ ಕೂತಿದ್ದರು. ನಿಜ ಹೇಳಬೇಕೆಂದರೆ ಇಡೀ ವಾರ ನನಗೆ ಇದ್ದ ಚಿಂತೆ ಇದೊಂದೇ. ಇದು ಅವರ ಗಾಡಿ. ಕಾಫಿಗೆ ಒಳ್ಳೆ ರೇಟಿದ್ದ ವರ್ಷ ತಂದದ್ದು. ಎತ್ತರ ಮಾಡಿಸುತ್ತೇನೆ ಅಂದಾಗ "ನಿನ್ನಿಷ್ಟ" ಅಂದಿದ್ದರು. ಅವರ "ನಿನ್ನಿಷ್ಟ" ಎಂಥದ್ದು ಅಂತ ನಮ್ಮನೆಯವರಿಗೆಲ್ಲ ಗೊತ್ತು.

ಕೋಲು ಊರಿಕೊಂಡು ಇಳಿದು ಬಂದರು. ಟೈರಿಗೂ ಮಡ್‌ಗಾರ್ಡಿಗೂ ನಡುವೆ ಕೈ ಹಾಕಿ ಅಳೆದರು. "ಮೂರು ಬೆರಳು" ಅಂದರು. ಮುಂದೆ ಏನೂ ಹೇಳದೆ ಹಿಂದಕ್ಕೆ ಹೋಗಿ ನಿಂತರು.

"ಆ ಬ್ಲೇಡ್ ಎಲ್ಲಿ?"

ನಾನಿನ್ನೂ ಬಾಯಿ ತೆಗೆದಿರಲಿಲ್ಲ. ತೆಗೆದು ಜಗಲಿಯ ಮೇಲೆ ಇಟ್ಟೆ. ಅಪ್ಪ ಕೂತು ಒಂದನ್ನು ತೊಡೆಯ ಮೇಲೆ ಇಟ್ಟುಕೊಂಡರು. ಪಂಚೆಗೆ ಗ್ರೀಸ್ ಆಗುತ್ತೆ ಅಂದೆ. ಆಗಲಿ ಅಂದರು.

"ರೇಟ್ ಬಿದ್ದಿತ್ತಲ್ಲ, ಎರಡು ಸಾವಿರದ ಒಂದು, ಎರಡು, ಆಗ. ನೀನು ಬೆಂಗಳೂರಲ್ಲಿದ್ದೆ. ಲಾರಿ ಬಾಡಿಗೆ ಕೊಟ್ಟರೆ ಕೈಗೆ ಏನೂ ಉಳೀತಿರಲಿಲ್ಲ. ಹಂಗಾಗಿ ಕಾಫಿನ ಇದರಲ್ಲೇ ಹಾಕ್ಕೊಂಡು ಹೋಗ್ತಿದ್ದೆ, ಕ್ಯೂರಿಂಗ್ ಮಿಲ್ಲಿಗೆ. ಹನ್ನೆರಡು ಮೂಟೆ. ಹಿಂದೆ ನೆಲಕ್ಕೆ ಕೂತುಬಿಡೋದು. ಕಾಕ ಗುಜರಿಯಿಂದ ಇದನ್ನ ತಂದು ಕತ್ತರಿಸಿ ಹಾಕಿಕೊಟ್ಟ. ದುಡ್ಡು ತಗೊಳ್ಲಿಲ್ಲ."

ಹನ್ನೆರಡು ಮೂಟೆ. ಐವತ್ತು ಕೇಜಿಯಂತೆ ಆರುನೂರು. ಹೆಚ್ಚುಕಡಿಮೆ ಒಂದು ಟನ್ ತೂಗುವ ಗಾಡಿ. ರಾತ್ರಿ ಹೋಗುತ್ತಿದ್ದರಂತೆ. ಊರಿನವರು ನೋಡೋದು ಬೇಡ ಅಂತ.

"ಹೇಳಬಹುದಿತ್ತಲ್ಲ ಅಪ್ಪ."

"ಏನಂತ ಹೇಳೋದು?"

ಅದಕ್ಕೆ ಉತ್ತರ ನನ್ನ ಹತ್ತಿರ ಇರಲಿಲ್ಲ. ಆಗ ನಾನು ಹಾಸ್ಟೆಲ್‌ನಿಂದ ಫೋನ್ ಮಾಡಿದಾಗೆಲ್ಲ ಊರಲ್ಲಿ ಎಲ್ಲ ಚೆನ್ನಾಗಿದೆ ಅನ್ನುತ್ತಿದ್ದರು, ಇಬ್ಬರೂ. ನಾನು ನಂಬಿದ್ದೆ. ದಸರಾ ರಜೆಗೆ ಬಂದಾಗ ಗಾಡಿಯ ಹಿಂಭಾಗ ಸ್ವಲ್ಪ ಮೇಲೆದ್ದ ಹಾಗೆ ಕಂಡಿತ್ತು. ಚೆನ್ನಾಗಿ ಕಾಣುತ್ತೆ ಅಂದಿದ್ದೆ. ಅದು ನೆನಪಾಗಿ ಈಗ ಹೊಟ್ಟೆಯೊಳಗೆ ಏನೋ ಆಗುತ್ತಿದೆ.

"ರೇಟ್ ಸರಿಯಾದ ಮೇಲಾದರೂ ತೆಗೆಸಬಹುದಿತ್ತು. ಅಮ್ಮನಿಗೆ ಸೊಂಟ ಎಷ್ಟು ನೋಯ್ತಿತ್ತು. ಪಾಪ, ಯಾಕೆ ಅಂತಲೇ ಗೊತ್ತಿರಲಿಲ್ಲ."

ಅಪ್ಪ ಬ್ಲೇಡಿನ ಕತ್ತರಿಸಿದ ಅಂಚಿನ ಮೇಲೆ ಹೆಬ್ಬೆರಳು ಆಡಿಸುತ್ತಿದ್ದರು.

"ಗೊತ್ತಿತ್ತು ಮಾರಾಯ್ತಿ. ಹಾಕೋ ದಿವಸ ಟಾರ್ಚ್ ಹಿಡಿದು ನಿಂತವಳು ಅವಳೇ. ತೆಗೆಸ್ತೀನಿ ಅಂದ್ರೆ ಬೇಡ ಅಂದ್ಲು. ಮತ್ತೆ ಬೇಕಾದ್ರೆ, ಅಂದ್ಲು."

ಆಮೇಲೆ ನಾವಿಬ್ಬರೂ ಮಾತಾಡಲಿಲ್ಲ. ಗುಡುಗು ಶುರುವಾಯಿತು. ನಾಯಿ ಒಳಗೆ ಓಡಿತು. ಒಣ ಹಾಕಿದ್ದ ಮೆಣಸಿನ ಟಾರ್ಪಾಲ್ ಮಡಚೋಕೆ ನಾನೂ ಓಡಿದೆ. ವಾಪಸ್ ಬರುವಷ್ಟರಲ್ಲಿ ಅಪ್ಪ ಎರಡೂ ಬ್ಲೇಡ್ ಒರೆಸಿ ಗೋಡೆಗೆ ಒರಗಿಸಿದ್ದರು. ಗುಜರಿಗೆ ಹಾಕಬೇಡ ಅಂದರು. ಹಾಕೋದಿಲ್ಲ ಅಂದೆ.

ಈ ಸಲ ಮುಂಗಾರು ಬೇಗ ಅಂತಿದ್ದಾರೆ. ಮೇಲಿನ ತೋಟದ ಚರಂಡಿ ಕೆಲಸ ಇನ್ನೂ ಅರ್ಧ ಬಾಕಿ, ಸೋಮವಾರ ಆಳು ಬರುತ್ತಾರೋ ಇಲ್ಲವೋ. ಯು ಬೋಲ್ಟ್‌ಗಳನ್ನು ನೂರು ಕಿಲೋಮೀಟರ್ ಓಡಿದ ಮೇಲೆ ಇನ್ನೊಂದು ಸಲ ಬಿಗಿಯಬೇಕು, ಮರೆಯಬಾರದು.

ನಾಳೆ ಬೆಳಿಗ್ಗೆ ಮತ್ತೆ ಸುಣ್ಣ ಬಳಿದು ಆ ಏರು ಹತ್ತಿಸಿ ನೋಡುತ್ತೇನೆ. ಊಟಕ್ಕೆ ಕೂತಾಗ ಅಪ್ಪ ತಾವೂ ಬರ್ತೀನಿ ಅಂದರು. ಅವರ ಮಂಡಿಗೆ ಆ ಮೂರು ಬೆರಳು ಜಾಸ್ತಿಯೇ ಆಗುತ್ತದೆ, ಒಂದು ಮಣೆ ಇಟ್ಟುಕೊಂಡು ಹೋಗಬೇಕು. ಕಮಾನ್ ಈಗ ಮೆತ್ತಗಾಗಿದೆ, ಕುಕ್ಕೋದಿಲ್ಲ, ದಿಂಬು ಬೇಕಾಗಲ್ಲ. ಆದರೂ ಈಗಷ್ಟೇ ಅಟ್ಟ ಹತ್ತಿ ನೋಡಿ ಬಂದೆ. ನೀಲಿ ಗೌಸು ಸಿಕ್ಕಿತು.